ಗುರಿ ನೋಡಿದ ಫಿಟ್ಟರ್: ಜೋಸೆಫ್ ವಿಟ್‌ವರ್ತ್

ಫಸ್ಟ್ ಇಯರ್ ವರ್ಕ್‌ಶಾಪ್‌ನ ಡವ್‌ಟೇಲ್ ಫಿಟ್ಟಿಂಗ್ ಯಾರೂ ಮರೆಯೋಕೆ ಸಾಧ್ಯ ಇಲ್ಲ. ಎರಡು ಎಂಎಸ್ ತುಂಡು, ಒಂದು ಹ್ಯಾಕ್‌ಸಾ, ಒಂದು ಅರ. ಮೂರು ವಾರ ಉಜ್ಜಿ, ಅಂಗೈಯಲ್ಲಿ ಬೊಬ್ಬೆ ಬರಿಸಿಕೊಂಡು, ಕೊನೆಗೆ ಎರಡನ್ನೂ ಜೋಡಿಸಿ ಟ್ಯೂಬ್‌ಲೈಟ್‌ಗೆ ಹಿಡಿದ್ರೆ ಸಂದಿನಲ್ಲಿ ಬೆಳಕೋ ಬೆಳಕು. ಇನ್‌ಸ್ಟ್ರಕ್ಟರ್ ಒಂದು ಸಲ ನೋಡಿ, ಏನೂ ಹೇಳದೆ ರೆಕಾರ್ಡಿಗೆ ಸಹಿ ಹಾಕಿ ಕಳಿಸ್ತಾರೆ. ಈ ಮೂಲೆಮೂಲೆ ಜಾಯಿಂಟು ಜೀವನದಲ್ಲಿ ಎಲ್ಲಿ ಬರುತ್ತೆ ಅಂತ ನಾವೆಲ್ಲ ಆಗ ಬೈಕೊಂಡವರೇ.

ನಮಗೆ ಅದು ಸಿಕ್ಕಿದ್ದು ಒಂದು ಕೋವಿಯ ಮೇಲೆ. ನಮ್ಮ ಬಳಗದಲ್ಲಿ ಮಲೆನಾಡಿನವರು ಇಬ್ಬರಿದ್ದಾರೆ. ರಜೆಗೆ ಅವರಲ್ಲಿ ಒಬ್ಬರ ಮನೆಗೆ ಹೋದಾಗ, ಅಜ್ಜನ ಕಾಲದ ಕೇಪಿನ ಕೋವಿಯನ್ನ ದೊಡ್ಡವರು ತೆಗೆದು ತೋರಿಸಿದರು. ಬಾಯಿಯಿಂದ ಮದ್ದು, ಮೇಲೆ ಚರೆ, ಸರಳು ಹಾಕಿ ಜಡಿಯೋದು, ಹಿಂದೆ ಮೊಲೆಯ ಮೇಲೆ ಕೇಪು. ಬೆಳೆ ಕಾಯೋಕೆ ಅಂತ ಲೈಸೆನ್ಸ್ ಇರೋ ಕೋವಿ, ಈಗ ಆಯುಧಪೂಜೆಗೆ ಮಾತ್ರ ಹೊರಗೆ ಬರುತ್ತೆ. (ಬೇಟೆ 1972ರ ಕಾಯ್ದೆಯಿಂದಲೇ ಬಂದ್, ಗೊತ್ತಲ್ಲ.) ಅದರ ನಳಿಗೆಯ ತುದಿಯಲ್ಲಿ ಒಂದು ಹಿತ್ತಾಳೆ ಮಣಿ ಬಿಟ್ಟರೆ ಗುರಿ ನೋಡೋಕೆ ಬೇರೇನೂ ಇಲ್ಲ. ಹಿಂದಿನ ಸೈಟೇ ಇಲ್ಲ. ಸೈಟ್ ಅಂದ ತಕ್ಷಣ ಬಿಡಿಎ ನೆನಪಾಗೋರು ಕ್ಷಮಿಸಬೇಕು, ನಾವು ಹೇಳ್ತಿರೋದು ಗುರಿ ನೋಡುವ ಸೈಟು.

ಇದಕ್ಕೊಂದು ಒಳ್ಳೆ ಸೈಟ್ ಹಾಕಿಸಿದರೆ ಗುರಿ ಸರಿಯಾಗುತ್ತಾ ಅಂತ ನಾವು ಕೇಳಿದೆವು. ಮನೆಯವರು ನಕ್ಕರು. ಒಳಗೆ ನಯವಾದ ನಳಿಗೆ, ಹಾರೋದು ಒಂದು ಹಿಡಿ ಚರೆ, ಅದಕ್ಕೆ ಎಂಥ ಸೈಟ್ ಹಾಕಿದರೂ ಅಷ್ಟೆ. ಆದರೆ ಬಾಯಿಯಿಂದಲೇ ಮದ್ದು ತುಂಬುವ ಬಂದೂಕು ರೈಫಲ್ ಆದಾಗ, ಅಂದ್ರೆ ನಳಿಗೆಯ ಒಳಗೆ ಸುರುಳಿ ಇದ್ದು ಒಂಟಿ ಗುಂಡು ತಿರುಗ್ತಾ ಹೊರಗೆ ಬಂದಾಗ, ಕತೆ ಬೇರೆ. ಅಲ್ಲಿ ಸೈಟನ್ನ ನಳಿಗೆಗೆ ಕೂರಿಸೋದು ಡವ್‌ಟೇಲ್ ಗಾಡಿಯಲ್ಲಿ, ನಾವು ಮೂರು ವಾರ ಉಜ್ಜಿದ್ದು ಅದನ್ನೇ. ಆ ಸೈಟನ್ನ ಸರಿಸಲು ಬೇಕಾದದ್ದು ಸಣ್ಣ ಸ್ಕ್ರೂ. ಆ ಸ್ಕ್ರೂವಿನ ಬೆನ್ನು ಹತ್ತಿ ಹೋದಾಗ ನಮಗೆ ಸಿಕ್ಕಿದವನು ಜೋಸೆಫ್ ವಿಟ್‌ವರ್ತ್. ಬಿಎಸ್‌ಡಬ್ಲ್ಯೂ ಅಂತ ಥ್ರೆಡ್ ಚಾರ್ಟಿನಲ್ಲಿ ಬಾಯಿಪಾಠ ಮಾಡ್ತೀವಲ್ಲ, ಆ ಕೊನೆಯ ಡಬ್ಲ್ಯೂ ಇವನೇ. ಈತ ಒಂದು ಬಂದೂಕನ್ನೂ ಮಾಡಿದ ಅನ್ನೋದು ನಮಗೆ ಅಲ್ಲಿವರೆಗೆ ಗೊತ್ತೇ ಇರಲಿಲ್ಲ.

ಹುಟ್ಟಿದ್ದು 1803ರ ಡಿಸೆಂಬರ್ 21ರಂದು, ಇಂಗ್ಲೆಂಡಿನ ಸ್ಟಾಕ್‌ಪೋರ್ಟ್‌ನಲ್ಲಿ. ಅಪ್ಪ ಚಾರ್ಲ್ಸ್ ಶಾಲೆ ಮೇಷ್ಟ್ರು. ಹುಡುಗನಿಗೆ ಹತ್ತು ವರ್ಷ ಆಗಿದ್ದಾಗ ತಾಯಿ ತೀರಿಕೊಂಡಳು. ಅಪ್ಪ ಪಾದ್ರಿಯಾಗುವ ಓದಿಗೆ ಹೊರಟುಹೋದ, ಮಕ್ಕಳನ್ನ ಬೇರೆಯವರ ಕೈಗೆ ಒಪ್ಪಿಸಿ. ಜೋಸೆಫ್‌ನನ್ನ ಲೀಡ್ಸ್ ಹತ್ತಿರದ ಒಂದು ಶಾಲೆಗೆ ಹಾಕಿದರು. ಹದಿನಾಲ್ಕಕ್ಕೆ ಅದೂ ಮುಗಿಯಿತು. ಡರ್ಬಿಶೈರ್‌ನಲ್ಲಿ ಹತ್ತಿ ಗಿರಣಿ ನಡೆಸುತ್ತಿದ್ದ ಸೋದರಮಾವನ ಹತ್ತಿರ ಕೆಲಸಕ್ಕೆ ಬಿಟ್ಟರು, ಮುಂದೆ ಗಿರಣಿಯಲ್ಲಿ ಪಾಲುದಾರನಾಗಲಿ ಅಂತ. ಅಂದ್ರೆ ಲೈಫ್ ಸೆಟ್ಲು. ಆದರೆ ಹುಡುಗನಿಗೆ ನೂಲಿಗಿಂತ ನೂಲೋ ಯಂತ್ರದ ಮೇಲೆ ಕಣ್ಣು. ಅಲ್ಲಿದ್ದ ಯಂತ್ರಗಳು ಎಷ್ಟು ಒರಟು, ಎಷ್ಟು ಸಡಿಲ ಅನ್ನೋದೇ ಅವನನ್ನ ಕೊರೆಯುತ್ತಿತ್ತು. ನಾಲ್ಕು ವರ್ಷ ಕಳೆದ ಮೇಲೆ ಯಾರಿಗೂ ಹೇಳದೆ ಮ್ಯಾಂಚೆಸ್ಟರ್‌ಗೆ ಓಡಿಹೋಗಿ, ಸಾಮಾನ್ಯ ಮೆಕ್ಯಾನಿಕ್ ಆಗಿ ಕೂಲಿಗೆ ಸೇರಿಕೊಂಡ.

1825ರಲ್ಲಿ ಮದುವೆ, ಅದೇ ವರ್ಷ ಲಂಡನ್. ಅಲ್ಲಿ ಹೆನ್ರಿ ಮಾಡ್ಸ್‌ಲೇಯ ಕಾರ್ಖಾನೆ ಇತ್ತು. ಸ್ಕ್ರೂ ಕಟಿಂಗ್ ಲೇತ್ ಪಾಠದಲ್ಲಿ ಬರೋ ಮಾಡ್ಸ್‌ಲೇನೇ. ಆ ಕಾಲಕ್ಕೆ ಅಲ್ಲಿ ಬೆಂಚ್ ಸಿಕ್ಕಿದರೆ ಈಗ ಡ್ರೀಮ್ ಕಂಪನಿಯಲ್ಲಿ ಆಫರ್ ಸಿಕ್ಕ ಹಾಗೆ. ಅಲ್ಲಿಂದ ಹೋಲ್ಟ್ಸಾಫೆಲ್, ಆಮೇಲೆ ಜೋಸೆಫ್ ಕ್ಲೆಮೆಂಟ್ ಹತ್ತಿರ ಕೆಲಸ. ಚಾರ್ಲ್ಸ್ ಬ್ಯಾಬೇಜ್‌ನ ಡಿಫರೆನ್ಸ್ ಎಂಜಿನ್ ತಯಾರಾಗ್ತಿದ್ದದ್ದು ಕ್ಲೆಮೆಂಟ್‌ನ ಕಾರ್ಖಾನೆಯಲ್ಲೇ. ಹಾಗಾಗಿ ಸಿಎಸ್ ಬ್ರಾಂಚಿನವರೂ ಈ ಲೇಖನ ಓದಬಹುದು, ಅಡ್ಡಿಯಿಲ್ಲ.

ಆ ದಿನಗಳಲ್ಲಿ ಈತನಿಗೆ ಹಿಡಿದಿದ್ದ ಹುಚ್ಚು ಒಂದೇ: ಸಮತಟ್ಟು. ಒಂದು ಲೋಹದ ತುಂಡು ನಿಜವಾಗಿ ಸಮತಟ್ಟಾಗಿದೆ ಅಂತ ಹೇಳೋದು ಹೇಗೆ? ಇನ್ನೊಂದು ಸಮತಟ್ಟು ತುಂಡಿನ ಮೇಲೆ ಇಟ್ಟು ನೋಡಬೇಕು. ಆ ಇನ್ನೊಂದು ಸಮತಟ್ಟಾಗಿದೆ ಅಂತ ಯಾರು ಹೇಳಿದ್ದು? ಎರಡು ಫಲಕಗಳನ್ನ ಒಂದಕ್ಕೊಂದು ಹೊಂದಿಸಿದರೆ ಒಂದು ಉಬ್ಬಿ, ಇನ್ನೊಂದು ಅದಕ್ಕೆ ಸರಿಯಾಗಿ ತಗ್ಗಿ, ಎರಡೂ ಸೇರಿ ನಮಗೆ ಟೋಪಿ ಹಾಕಬಹುದು. ಹಾಗಾಗಿ ಮೂರು ಫಲಕ ಬೇಕು. ಒಂದನೆಯದು ಎರಡನೆಯದಕ್ಕೆ, ಒಂದನೆಯದು ಮೂರನೆಯದಕ್ಕೆ, ಎರಡನೆಯದು ಮೂರನೆಯದಕ್ಕೆ ಹೊಂದಬೇಕು. ಮೂರೂ ಪರಸ್ಪರ ಹೊಂದಿದವು ಅಂದ್ರೆ ಯಾವುದರಲ್ಲೂ ಉಬ್ಬು ತಗ್ಗು ಉಳಿಯೋಕೆ ಜಾಗವೇ ಇಲ್ಲ. ಮೂರು ಫಲಕದ ಈ ಉಪಾಯ ಮಾಡ್ಸ್‌ಲೇಯ ಕಾರ್ಖಾನೆಯ ವಾತಾವರಣದಲ್ಲೇ ಇತ್ತು ಅನ್ನಿಸುತ್ತೆ. ಆದರೆ ಅಲ್ಲಿವರೆಗೆ ಫಲಕಗಳನ್ನ ಪುಡಿ ಹಾಕಿ ಉಜ್ಜುತ್ತಿದ್ದರು. ಪುಡಿ ಎಲ್ಲಿ ಬೇಕೋ ಅಲ್ಲಿ ಮಾತ್ರ ತಿನ್ನೋದಿಲ್ಲ, ಎಲ್ಲೆಂದರಲ್ಲಿ ತಿನ್ನುತ್ತೆ. ವಿಟ್‌ವರ್ತ್ ಅದನ್ನ ಬಿಟ್ಟು ಬಣ್ಣ ಹಚ್ಚಿ, ತಾಗಿದ ಚುಕ್ಕೆಗಳನ್ನಷ್ಟೇ ಸ್ಕ್ರೇಪರ್‌ನಿಂದ ಹೆರೆಯುತ್ತ ಹೋದ. ಹಗಲು ಕೂಲಿ ಕೆಲಸ, ರಾತ್ರಿ ಮನೆಯಲ್ಲಿ ಇದು. ಪಕ್ಕದ ಬೆಂಚಿನ ಗೆಳೆಯನಿಗೆ ಮೊದಲ ಫಲಕ ತೋರಿಸಿದಾಗ, ಅಲ್ಲಿವರೆಗೆ ಇದೆಲ್ಲ ಆಗೋ ಹೋಗೋ ಮಾತಲ್ಲ ಅಂತಿದ್ದವನು ಒಪ್ಪಿಕೊಳ್ಳಲೇಬೇಕಾಯಿತು. ನಮ್ಮ ಲ್ಯಾಬಿನ ಸರ್ಫೇಸ್ ಪ್ಲೇಟಿಗೆ ನೀಲಿ ಹಚ್ಚೋ ಪದ್ಧತಿ ಇದೇ ಮನೆತನದ್ದು.

1833ರಲ್ಲಿ ಮ್ಯಾಂಚೆಸ್ಟರ್‌ಗೆ ವಾಪಸ್ ಬಂದು ಬಾಡಿಗೆಗೆ ಒಂದು ಜಾಗ ಹಿಡಿದು, ಲಂಡನ್ನಿಂದ ಬಂದ ಟೂಲ್‌ಮೇಕರ್ ಅಂತ ಬೋರ್ಡು ಹಾಕಿದ. ಮಾರ್ಕೆಟಿಂಗ್ ಗೊತ್ತಿತ್ತು ಮಾರಾಯನಿಗೆ. ಲೇತು, ಪ್ಲೇನರ್, ಡ್ರಿಲ್ಲಿಂಗ್ ಯಂತ್ರಗಳು ಇಲ್ಲಿಂದ ಹೊರಟವು. 1841ರಲ್ಲಿ ಇನ್‌ಸ್ಟಿಟ್ಯೂಷನ್ ಆಫ್ ಸಿವಿಲ್ ಎಂಜಿನಿಯರ್ಸ್ ಮುಂದೆ ಸ್ಕ್ರೂ ಥ್ರೆಡ್‌ಗಳ ಬಗ್ಗೆ ತನ್ನ ಪ್ರಸಿದ್ಧ ಪ್ರಬಂಧ ಮಂಡಿಸಿದ. ಆಗ ಪ್ರತಿ ಕಾರ್ಖಾನೆಯ ಬೋಲ್ಟು ಅದರದ್ದೇ ಜಾತಿ. ಒಂದರ ನಟ್ಟು ಇನ್ನೊಂದಕ್ಕೆ ಕೂರುತ್ತಿರಲಿಲ್ಲ, ಕಳೆದುಹೋದರೆ ಹೊಸದಾಗಿ ಮಾಡಿಸಬೇಕು. ಈತ ನಾನಾ ಕಾರ್ಖಾನೆಗಳ ಸ್ಕ್ರೂಗಳನ್ನ ತರಿಸಿ, ಅಳೆದು, ಸರಾಸರಿ ತೆಗೆದು, 55 ಡಿಗ್ರಿ ಕೋನ ಅಂತ ಇಟ್ಟ. 55 ಯಾಕೆ ಅಂತ ವೈವಾದಲ್ಲಿ ಕೇಳಿದರೆ ಯಾವ ಪವಿತ್ರ ಕಾರಣವೂ ಇಲ್ಲ, ಸರಾಸರಿ ಅಲ್ಲಿಗೆ ಬಂತು ಅಷ್ಟೆ. ಎಲ್ಲರಿಗಿಂತ ಉತ್ತಮವಾದದ್ದನ್ನ ಹುಡುಕೋ ಬದಲು ಎಲ್ಲರೂ ಒಪ್ಪಬಹುದಾದದ್ದನ್ನ ಹುಡುಕಿದ್ದು ಈತನ ಜಾಣತನ. ಬಂದೂಕಿನ ವಿಷಯದಲ್ಲಿ ಈ ಜಾಣತನ ಈತನಿಗೆ ಯಾಕೆ ಕೈಕೊಟ್ಟಿತು ಅನ್ನೋದನ್ನ ಮುಂದೆ ನೋಡೋಣ.

ಇನ್ನೊಂದು ಯಂತ್ರದ ಬಗ್ಗೆ ಹೇಳದಿದ್ದರೆ ಮೆಟ್ರಾಲಜಿ ಮೇಡಂ ನಮ್ಮನ್ನ ಬಿಡೋದಿಲ್ಲ. ಇಂಚಿನ ಹತ್ತು ಲಕ್ಷದ ಒಂದು ಭಾಗ ಅಳೆಯುವ ಯಂತ್ರ. ತತ್ವ ಸುಲಭ: ಇಂಚಿಗೆ 20 ಥ್ರೆಡ್ ಇರುವ ಸ್ಕ್ರೂ, ಅದರ ತಲೆಗೆ 200 ಹಲ್ಲಿನ ಚಕ್ರ, ಆ ಚಕ್ರವನ್ನ ತಿರುಗಿಸೋ ವರ್ಮ್‌ಗೆ 250 ಗೀಟಿನ ಡಯಲ್. ಮೂರನ್ನೂ ಗುಣಿಸಿ ನೋಡಿ, ಸರಿಯಾಗಿ ಹತ್ತು ಲಕ್ಷ. ತುದಿ ತಾಗಿತೋ ಇಲ್ಲವೋ ಅಂತ ತಿಳಿಯೋಕೆ ಕಣ್ಣನ್ನ ನಂಬದೆ ಒಂದು ತೆಳ್ಳಗಿನ ಲೋಹದ ತುಂಡನ್ನ ನಡುವೆ ನೇತುಹಾಕಿದ. ಒಂದು ಗೀಟು ಬಿಗಿದರೆ ಅದು ಬೀಳದೆ ನಿಲ್ಲುತ್ತೆ, ಒಂದು ಗೀಟು ಸಡಿಲಿಸಿದರೆ ಜಾರಿ ಬೀಳುತ್ತೆ. ಈ ಮನುಷ್ಯನ ಮನಸ್ಸು ಹೇಗೆ ಕೆಲಸ ಮಾಡ್ತಿತ್ತು ಅನ್ನೋದು ಈ ಒಂದು ತುಂಡಿನಲ್ಲೇ ಇದೆ.

ಇಂಥವನ ಹತ್ತಿರ 1854ರಲ್ಲಿ ಬ್ರಿಟಿಷ್ ಸರ್ಕಾರ ಬಂತು. ಕ್ರಿಮಿಯಾ ಯುದ್ಧದ ಸಮಯ. ಎನ್‌ಫೀಲ್ಡ್ ರೈಫಲ್‌ಗಳು ರಾಶಿರಾಶಿ ಬೇಕು, ಕೈಯಲ್ಲಿ ಮಾಡಿದರೆ ಆಗೋದಿಲ್ಲ, ಅದಕ್ಕೆ ಯಂತ್ರ ಮಾಡಿಕೊಡಿ ಅಂತ. ಸಾಮಾನ್ಯ ಕಾಂಟ್ರಾಕ್ಟರ್ ಆಗಿದ್ದರೆ ಅಡ್ವಾನ್ಸ್ ತಗೊಂಡು ಕೆಲಸ ಶುರು ಮಾಡ್ತಿದ್ದ. ವಿಟ್‌ವರ್ತ್ ಕೇಳಿದ್ದೇ ಬೇರೆ. ನಳಿಗೆ ಹೇಗಿದ್ದರೆ ಗುಂಡು ನೇರ ಹೋಗುತ್ತೆ ಅನ್ನೋದೇ ಯಾರಿಗೂ ಖಚಿತ ಇಲ್ಲದಿರುವಾಗ, ಆ ಗೊತ್ತಿಲ್ಲದ್ದನ್ನ ಲಕ್ಷಗಟ್ಟಲೆ ಅಚ್ಚು ಹಾಕೋಕೆ ಯಂತ್ರ ಯಾಕೆ? ಮೊದಲು ಪ್ರಯೋಗ, ಆಮೇಲೆ ಯಂತ್ರ ಅಂದ. ತನಗೆ ಸಂಬಳ ಬೇಡ, ಖರ್ಚು ಕೊಟ್ಟರೆ ಸಾಕು ಅಂತಲೂ ಹೇಳಿದ.

ಮ್ಯಾಂಚೆಸ್ಟರ್ ಪಕ್ಕದ ಫಾಲೋಫೀಲ್ಡ್‌ನಲ್ಲಿದ್ದ ಈತನ ಮನೆಯ ಹಿತ್ತಿಲಲ್ಲಿ 500 ಗಜ ಉದ್ದದ ಗ್ಯಾಲರಿ ಎದ್ದಿತು. ಗಾಳಿ ಗುಂಡನ್ನ ಪಕ್ಕಕ್ಕೆ ತಳ್ಳಬಾರದು ಅಂತ ಪೂರಾ ಮುಚ್ಚಿದ ಓಣಿ. ಕಟ್ಟಿ ಮುಗಿಸಿದ ಸ್ವಲ್ಪ ದಿನಕ್ಕೇ ಬಿರುಗಾಳಿ ಬಂದು ಅದನ್ನ ನೆಲಕ್ಕೆ ಕೆಡವಿತು! ಮತ್ತೆ ಕಟ್ಟಿಸಿದರು. ಒಳಗೆ ದಾರಿಯುದ್ದಕ್ಕೂ ತೆಳು ಟಿಶ್ಯೂ ಕಾಗದದ ಪರದೆಗಳು. ಗುಂಡು ಪ್ರತಿ ಪರದೆಯಲ್ಲೂ ತೂತು ಮಾಡುತ್ತ ಹೋಗುತ್ತೆ, ತೂತುಗಳನ್ನ ಅಳೆದರೆ ಗುಂಡಿನ ಇಡೀ ಪಥ ಸಿಗುತ್ತೆ. ಹೈಸ್ಪೀಡ್ ಕ್ಯಾಮೆರಾ ಇಲ್ಲದ ಕಾಲದಲ್ಲಿ ಇದಕ್ಕಿಂತ ಚೆಂದದ ಸೆಟಪ್ ನಮಗಂತೂ ಹೊಳೆಯೋದಿಲ್ಲ. ಗುಂಡು ಓಲಾಡಿದರೆ ತೂತು ದುಂಡಗಿರೋದಿಲ್ಲ, ಅದೂ ಕಾಗದದ ಮೇಲೇ ಗೊತ್ತಾಗಿಬಿಡುತ್ತೆ.

ಎನ್‌ಫೀಲ್ಡ್‌ನ ನಳಿಗೆ .577 ಇಂಚು. ಅದರ ಸುರುಳಿ ಎಷ್ಟು ಸೋಮಾರಿ ಅಂದ್ರೆ ಒಂದು ಸುತ್ತು ಮುಗಿಯೋಕೆ 78 ಇಂಚು ಬೇಕು, ಅಂದ್ರೆ ಗುಂಡು ನಳಿಗೆಯಿಂದ ಹೊರಬೀಳೋಷ್ಟರಲ್ಲಿ ಅರ್ಧ ಸುತ್ತು ಆಗಿದ್ದರೆ ಹೆಚ್ಚು. ವಿಟ್‌ವರ್ತ್ ಸುರುಳಿಯನ್ನ ಬಿಗಿ ಮಾಡುತ್ತ ಮಾಡುತ್ತ ಇಂಚಿಗೊಂದು ಸುತ್ತಿನವರೆಗೂ ಹೋಗಿ ಹಾರಿಸಿ ನೋಡಿದ. ಕೊನೆಗೆ 20 ಇಂಚಿಗೆ ಒಂದು ಸುತ್ತು, .451 ಇಂಚಿನ ನಳಿಗೆ ಅಂತ ನಿಂತ. ಗುಂಡಿನ ತೂಕ ಎನ್‌ಫೀಲ್ಡ್‌ನಷ್ಟೇ, 530 ಗ್ರೇನ್, ಸುಮಾರು 34 ಗ್ರಾಂ. ತೂಕ ಅಷ್ಟೇ ಇಟ್ಟು ದಪ್ಪ ಕಡಿಮೆ ಮಾಡಿದರೆ ಉದ್ದ ಜಾಸ್ತಿಯಾಗುತ್ತೆ. ಉದ್ದ ಗುಂಡಿಗೆ ಗಾಳಿಯ ತಡೆ ಕಮ್ಮಿ, ಆದರೆ ಬುಗುರಿ ಹಾಗೆ ಜೋರಾಗಿ ತಿರುಗದಿದ್ದರೆ ಪಲ್ಟಿ ಹೊಡೆಯುತ್ತೆ. ಅದಕ್ಕೇ ಬಿಗಿ ಸುರುಳಿ. ಜೊತೆಗೆ ನಳಿಗೆಯ ಒಳಗನ್ನ ದುಂಡಗೆ ಬಿಡದೆ ಷಟ್ಕೋನ ಮಾಡಿದ, ಗುಂಡನ್ನೂ ಅದಕ್ಕೆ ಹೊಂದೋ ತಿರುಚಿದ ಷಟ್ಕೋನ ಮಾಡಿದ. ನಟ್ಟು ಬೋಲ್ಟಿನ ಮನುಷ್ಯ ಬಂದೂಕು ಮಾಡಿದರೆ ಇನ್ನೇನು ಮಾಡ್ತಾನೆ ಹೇಳಿ! ಗುಂಡು ನಳಿಗೆಯಲ್ಲಿ ಸ್ಕ್ರೂ ಹಾಗೆ ತಿರುಗ್ತಾ ಬರುತ್ತಿತ್ತು.

ಈಗ ಸೈಟಿಗೆ ಬರೋಣ.

ಒಂದು ಎನ್‌ಫೀಲ್ಡ್ ಅದೇ ಜಾಗದಿಂದ ಅದೇ ಗುರಿಗೆ ಹಾರಿಸಿದಾಗ 500 ಗಜದಲ್ಲಿ ಸರಾಸರಿ ಎರಡು ಅಡಿ ಚದುರುತ್ತಿದ್ದರೆ, ಅದಕ್ಕೆ ಎಷ್ಟು ನಾಜೂಕು ಸೈಟ್ ಹಾಕಿದರೂ ಉಪಯೋಗ ಇಲ್ಲ. ನಳಿಗೆಯೇ ಒಂದು ಸಲ ಹೇಳಿದ್ದನ್ನ ಇನ್ನೊಂದು ಸಲ ಹೇಳದಿರುವಾಗ ಸೈಟ್ ಪಾಪ ಏನು ಮಾಡುತ್ತೆ. ಇನ್‌ಸ್ಟ್ರುಮೆಂಟೇಷನ್‌ನಲ್ಲಿ ರಿಪೀಟಬಿಲಿಟಿ ಮೊದಲು, ಕ್ಯಾಲಿಬ್ರೇಷನ್ ಆಮೇಲೆ ಅಂತ ಓದ್ತೀವಲ್ಲ, ಅದೇ. ಒಂದು ಸಲ ನಳಿಗೆ ಪ್ರಾಮಾಣಿಕ ಆಯಿತು ಅಂದ್ರೆ ಇದ್ದಕ್ಕಿದ್ದಂತೆ ಎಲ್ಲ ತಪ್ಪೂ ಸೈಟಿನ ತಲೆಗೆ ಬರುತ್ತೆ. ಲೆಕ್ಕ ಮಾಡಿ. ಮುಂದಿನ ಸೈಟಿಗೂ ಹಿಂದಿನ ಸೈಟಿಗೂ ನಡುವೆ 30 ಇಂಚು ಅಂತ ಇಟ್ಟುಕೊಳ್ಳೋಣ. 100 ಗಜ ಅಂದ್ರೆ 3600 ಇಂಚು. ಅನುಪಾತ 120. ಸೈಟ್ ಒಂದು ಥೌ, ಅಂದ್ರೆ ಇಂಚಿನ ಸಾವಿರದ ಒಂದು ಭಾಗ ಸರಿದರೆ 100 ಗಜದಲ್ಲಿ ಗುಂಡು 0.12 ಇಂಚು ಸರಿಯುತ್ತೆ. 1000 ಗಜದಲ್ಲಿ 1.2 ಇಂಚು. ತಲೆಕೂದಲಿನ ದಪ್ಪ ಸುಮಾರು ಮೂರು ಥೌ. ಕೂದಲೆಳೆಯ ತಪ್ಪಿಗೆ ಅಲ್ಲಿ ನಾಲ್ಕು ಬೆರಳಿನ ತಪ್ಪು. ಸುತ್ತಿಗೆಯಿಂದ ತಟ್ಟಿ ತಟ್ಟಿ ಸೈಟ್ ಸರಿಸುವವನ ಕೈಗೆ ಈ ಲೆಕ್ಕ ಸಿಗೋದಿಲ್ಲ. ಇಂಚಿಗೆ 40 ಥ್ರೆಡ್ ಇರೋ ಸ್ಕ್ರೂ ಸಿಕ್ಕರೆ ಒಂದು ಸುತ್ತಿಗೆ 25 ಥೌ, ತಲೆಯ ಮೇಲೆ 25 ಗೀಟು ಕೊರೆದರೆ ಗೀಟಿಗೊಂದು ಥೌ. ಮೈಕ್ರೋಮೀಟರ್ ಅಲ್ಲದೆ ಮತ್ತೇನು ಇದು?

ಹೀಗಾಗಿ ಗುರಿಸ್ಪರ್ಧೆಗೆ ಮತ್ತು ಸ್ಕಾಟ್ಲೆಂಡಿನ ಬೆಟ್ಟಗಳಲ್ಲಿ ಜಿಂಕೆ ಬೇಟೆಗೆ ಅಂತ ತಯಾರಾದ ವಿಟ್‌ವರ್ತ್ ರೈಫಲ್‌ಗಳ ಮೇಲೆ ಸೈನ್ಯದ ಸೈಟಿಗಿಂತ ನಾಜೂಕಾದ ಸೈಟುಗಳು ಬಂದು ಕೂತವು. ಸೈನ್ಯದ ಸೈಟ್ ಅಂದ್ರೆ ನಳಿಗೆಯ ಮೇಲೆ ಮಡಚಿ ಎತ್ತೋ ಏಣಿ, ಅದರಲ್ಲೊಂದು ಕಚ್ಚು, ತುದಿಯಲ್ಲಿ ಒಂದು ಅಲಗು. ಇದರಲ್ಲಿ ಕಣ್ಣಿಗೆ ಮೂರು ಕೆಲಸ: ಹತ್ತಿರದ ಕಚ್ಚು, ನಡುವಿನ ಅಲಗು, ದೂರದ ಗುರಿ, ಮೂರನ್ನೂ ಒಟ್ಟಿಗೆ ಸ್ಪಷ್ಟ ನೋಡಬೇಕು. ಯಾವ ಕಣ್ಣಿಗೂ ಅದು ಆಗೋದಿಲ್ಲ, ವಯಸ್ಸಾದ ಕಣ್ಣಿಗಂತೂ ಇಲ್ಲವೇ ಇಲ್ಲ. ಸ್ಪರ್ಧೆಯ ರೈಫಲ್‌ನಲ್ಲಿ ಆ ಕಚ್ಚಿನ ಬದಲು ಕುದುರೆಯ ಹಿಂದೆ, ಮರದ ಹಿಡಿಯ ಕುತ್ತಿಗೆ ಮೇಲೆ, ಒಂದು ಕಡ್ಡಿ ನಿಲ್ಲಿಸಿ ಅದರಲ್ಲಿ ಸಣ್ಣ ತೂತಿನ ಬಿಲ್ಲೆ ಇಟ್ಟರು. ಕಡ್ಡಿಗೆ ವರ್ನಿಯರ್ ಸ್ಕೇಲ್, ಏರಿಸಿ ಇಳಿಸೋಕೆ ಸ್ಕ್ರೂ. ತೂತಿನ ಮೂಲಕ ನೋಡಿದರೆ ಕಣ್ಣು ತಾನಾಗೇ ತೂತಿನ ನಡುವಿಗೆ ಬರುತ್ತೆ, ಅದನ್ನ ಬೇರೆ ನೋಡುವ ಕೆಲಸವಿಲ್ಲ. ಮೇಲಾಗಿ ಪಿನ್‌ಹೋಲ್ ಕ್ಯಾಮೆರಾ ಹಾಗೆ ಹತ್ತಿರದ್ದೂ ದೂರದ್ದೂ ಒಟ್ಟಿಗೆ ಸ್ಪಷ್ಟವಾಗುತ್ತೆ. ಮೊಬೈಲಿಲ್ಲದೆ ಕನ್ನಡಕ ಬಿಚ್ಚಿಟ್ಟು, ಮುಷ್ಟಿಯ ಸಂದಿಯಿಂದ ಬೋರ್ಡು ನೋಡಿದ ಕೊನೆ ಬೆಂಚಿನವರಿಗೆ ಇದು ಗೊತ್ತು. ಸೈಟ್ ಅಷ್ಟು ಹಿಂದೆ ಹೋದದ್ದರಿಂದ ಎರಡು ಸೈಟಿನ ನಡುವಿನ ಅಂತರವೂ ಹೆಚ್ಚಿತು. 30 ಇಂಚು 40 ಆದರೆ ಮೇಲಿನ 1.2 ಇಂಚಿನ ತಪ್ಪು 0.9ಕ್ಕೆ ಇಳಿಯುತ್ತೆ, ಪುಕ್ಕಟೆ.

ಮುಂದೆ ಅಲಗಿನ ಬದಲು ಸಣ್ಣ ಕೊಳವೆ, ಅದರೊಳಗೆ ಉಂಗುರ ಅಥವಾ ಮಣಿ. ಬಿಸಿಲು ಒಂದು ಕಡೆಯಿಂದ ಬಿದ್ದು ಅಲಗಿನ ಅಂಚು ಹೊಳೆದರೆ ಕಣ್ಣು ಆ ಕಡೆ ವಾಲುತ್ತೆ, ಕೊಳವೆಯ ನೆರಳು ಅದನ್ನ ತಡೆಯುತ್ತೆ. ಕೆಲವಕ್ಕೆ ಪುಟ್ಟ ಸ್ಪಿರಿಟ್ ಲೆವೆಲ್ಲನ್ನೂ ಇಟ್ಟರು, ಬಂದೂಕು ಓರೆ ಹಿಡಿದರೆ ಎತ್ತರದ ತಿದ್ದುಪಡಿ ಪಕ್ಕಕ್ಕೆ ಹೋಗುತ್ತಲ್ಲ, ಅದಕ್ಕೆ.

ಕೂರಿಸುವವರ ಸೂತ್ರ ಆಗಲೂ ಈಗಲೂ ಒಂದೇ. ಗುಂಡು ಯಾವ ಕಡೆ ಹೋಗಬೇಕೋ ಹಿಂದಿನ ಸೈಟನ್ನ ಆ ಕಡೆ ಸರಿಸಬೇಕು, ಮುಂದಿನದನ್ನಾದರೆ ಎದುರು ಕಡೆ. ಮುಂದಿನ ಅಲಗನ್ನ ಅರದಿಂದ ಉಜ್ಜಿ ತಗ್ಗಿಸಿದರೆ ಗುಂಡು ಮೇಲೆ ಹೋಗುತ್ತೆ. ಉಜ್ಜಿದ ಕಬ್ಬಿಣ ಮಾತ್ರ ವಾಪಸ್ ಬರೋದಿಲ್ಲ. ಒಂದು ಅರದೆಳೆತ, ಒಂದು ಈಡು, ಒಂದು ಅಳತೆ. ಡವ್‌ಟೇಲ್‌ನ ಕೊನೆಯ ದಿನ ಅವಸರಕ್ಕೆ ನಾಲ್ಕೆಳೆತ ಜಾಸ್ತಿ ಎಳೆದು ತುಂಡನ್ನ ಗುಜರಿಗೆ ಹಾಕಿದ ನಮ್ಮಂಥವರಿಗೆ ಇದರ ಅರ್ಥ ಬೇರೆ ಹೇಳಬೇಕಿಲ್ಲ.

1857ರಲ್ಲಿ ಹೈತ್‌ನ ಸೈನಿಕ ಶಾಲೆಯಲ್ಲಿ ಎರಡೂ ರೈಫಲ್‌ಗಳ ಪೈಪೋಟಿ ನಡೆಯಿತು. 500 ಗಜದಲ್ಲಿ ಎನ್‌ಫೀಲ್ಡ್‌ನ ಸರಾಸರಿ ಚದುರುವಿಕೆ 2.24 ಅಡಿ, ವಿಟ್‌ವರ್ತ್‌ನದು 0.37 ಅಡಿ. 800 ಗಜದಲ್ಲಿ ಸುಮಾರು ನಾಲ್ಕು ಅಡಿಗೆ ಒಂದು ಅಡಿ. 1400 ಗಜಕ್ಕೆ ಹೋದಾಗ ಎನ್‌ಫೀಲ್ಡ್‌ನದನ್ನ ಬರೆದುಕೊಳ್ಳೋ ಹಾಗೇ ಇರಲಿಲ್ಲ. ಅದೇ ವರ್ಷ, ಅದೇ ಎನ್‌ಫೀಲ್ಡ್‌ನ ಕೊಬ್ಬು ಸವರಿದ ತೋಟಾ ನಮ್ಮ ದೇಶದಲ್ಲಿ ಸಿಪಾಯಿಗಳ ದಂಗೆಗೆ ಕಿಡಿಯಾಯಿತು. ವರ್ಷದ ಕೊನೆಗೆ ಮುಧೋಳದ ಹಲಗಲಿಯಲ್ಲಿ ಬೇಡರು ಆಯುಧ ಒಪ್ಪಿಸೋದಿಲ್ಲ ಅಂತ ನಿಂತರು. ಮ್ಯಾಂಚೆಸ್ಟರಿನ ಹಿತ್ತಿಲಲ್ಲಿ ಟಿಶ್ಯೂ ಕಾಗದದ ತೂತು ಅಳೆಯುತ್ತಿದ್ದಾಗ ಬಂದೂಕಿನ ಇನ್ನೊಂದು ಬದಿಯಲ್ಲಿ ಯಾರು ನಿಂತಿದ್ದರು ಅನ್ನೋದನ್ನ ನಾವು ಮರೆತು ಓದೋಕೆ ಆಗೋದಿಲ್ಲ.

ಇಷ್ಟು ಗೆದ್ದ ರೈಫಲನ್ನ ಸೈನ್ಯ ತಗೊಂಡಿತಾ? ಇಲ್ಲ. ನಳಿಗೆ ತೀರಾ ಸಣ್ಣದು ಅಂದರು. ಕರಿಮದ್ದು ಸುಟ್ಟ ಮೇಲೆ ಒಳಗೆ ಮಸಿ ಕಟ್ಟುತ್ತೆ, ಬಾಯಿಯಿಂದ ತುಂಬೋ ಬಂದೂಕಿನಲ್ಲಿ ಮುಂದಿನ ಗುಂಡು ಆ ಮಸಿಯ ಮೇಲೇ ಇಳಿಯಬೇಕು. ಷಟ್ಕೋನಕ್ಕೆ ಷಟ್ಕೋನ ಕೂರಿಸೋದು ಆಗ ಕಷ್ಟ. ದುಡ್ಡೂ ಜಾಸ್ತಿ. ವಿಟ್‌ವರ್ತ್‌ಗೆ ಇದು ಕೊನೆವರೆಗೂ ನುಂಗಲಾರದ ತುತ್ತಾಯಿತು. ನಮಗನ್ನಿಸೋದು, ಸೈನ್ಯದ ಮಾತಿನಲ್ಲೂ ಹುರುಳಿತ್ತು. ಸ್ಕ್ರೂ ವಿಷಯದಲ್ಲಿ ಎಲ್ಲರಿಗೂ ಒಗ್ಗೋ ಸರಾಸರಿ ಹುಡುಕಿದ್ದ ಮನುಷ್ಯ ಬಂದೂಕಿನ ವಿಷಯದಲ್ಲಿ ಅತ್ಯುತ್ತಮವನ್ನೇ ಹಿಡಿದು ಕೂತ. ಮಳೆಯಲ್ಲಿ, ಕೆಸರಿನಲ್ಲಿ, ಹೆದರಿದ ಕೈಯಲ್ಲಿ ಹತ್ತನೇ ಈಡು ಹೇಗೆ ತುಂಬೋದು ಅನ್ನೋದಕ್ಕೆ ಮುಚ್ಚಿದ ಗ್ಯಾಲರಿಯಲ್ಲಿ ಉತ್ತರ ಸಿಗೋದಿಲ್ಲ. ಆದರೂ ತಮಾಷೆ ನೋಡಿ, 1871ರಲ್ಲಿ ಸೈನ್ಯ ಒಪ್ಪಿಕೊಂಡ ಮಾರ್ಟಿನಿ ಹೆನ್ರಿ ರೈಫಲ್‌ನ ನಳಿಗೆ .450 ಇಂಚು! ತೀರಾ ಸಣ್ಣದು ಅಂದಿದ್ದ ಅಳತೆಯೇ, ಆದರೆ ಹಿಂದಿನಿಂದ ತುಂಬೋ ಬಂದೂಕಿನಲ್ಲಿ.

ಸೈನ್ಯ ಬಿಟ್ಟರೇನು, ಸ್ಪರ್ಧೆಯವರು ಮೆರೆಸಿದರು. 1860ರ ಜುಲೈ 2ರಂದು ವಿಂಬಲ್ಡನ್ ಮೈದಾನದಲ್ಲಿ ನ್ಯಾಷನಲ್ ರೈಫಲ್ ಅಸೋಸಿಯೇಷನ್‌ನ ಮೊದಲ ಸ್ಪರ್ಧೆಯನ್ನ ವಿಕ್ಟೋರಿಯಾ ರಾಣಿ ಉದ್ಘಾಟಿಸಿದಳು. ವಿಟ್‌ವರ್ತ್ ತನ್ನ ರೈಫಲನ್ನ ಒಂದು ಕಬ್ಬಿಣದ ಸ್ಟ್ಯಾಂಡಿನ ಮೇಲೆ ಬಿಗಿದು, ಗುರಿಗೆ ಹೊಂದಿಸಿ, ಕುದುರೆಯ ಕೆಳಗಿನ ಬಿಲ್ಲಿಗೆ ರೇಷ್ಮೆ ದಾರ ಕಟ್ಟಿ ರಾಣಿಯ ಕೈಗೆ ಕೊಟ್ಟ. ರಾಣಿ ಎಳೆದಳು. 400 ಗಜದ ಆಚೆ ಗುಂಡು ಗುರಿಯ ನಟ್ಟನಡುವಿನಿಂದ ಒಂದೆರಡು ಇಂಚಿನೊಳಗೆ ಕೂತಿತು. ಡೆಮೋ ದಿನ ಪ್ರಾಜೆಕ್ಟ್ ಕೈಕೊಡೋ ಅನುಭವ ಇರುವ ನಮಗೆ ಆ ದಾರ ಎಳೆಯೋ ಕ್ಷಣದಲ್ಲಿ ವಿಟ್‌ವರ್ತ್‌ನ ಎದೆ ಹೇಗೆ ಹೊಡೆದುಕೊಂಡಿರಬಹುದು ಅಂತ ಊಹಿಸೋದು ಕಷ್ಟವಿಲ್ಲ.

ಮುಂದಿನ ಮಾತು ಬರೆಯೋಕೆ ಇಷ್ಟವಾಗೋದಿಲ್ಲ, ಆದರೂ ಬಿಡೋ ಹಾಗಿಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ಗುಲಾಮಗಿರಿ ಉಳಿಸಿಕೊಳ್ಳೋಕೆ ಹೋರಾಡುತ್ತಿದ್ದ ದಕ್ಷಿಣದವರು ವಿಟ್‌ವರ್ತ್ ರೈಫಲ್‌ಗಳನ್ನ ದಿಗ್ಬಂಧನ ತಪ್ಪಿಸಿ ತರಿಸಿಕೊಂಡರು, ತಮ್ಮ ಆಯ್ದ ಗುರಿಕಾರರ ಕೈಗೆ ಕೊಟ್ಟರು. ಹೆಚ್ಚಿನವರ ಬಳಿ ಇದ್ದದ್ದು ಸಾದಾ ಕಬ್ಬಿಣದ ಸೈಟುಗಳೇ. ಕೆಲವಕ್ಕೆ ಮಾತ್ರ ಪಕ್ಕದಲ್ಲಿ ಡೇವಿಡ್ಸನ್‌ನ ದುರ್ಬೀನು ಇತ್ತು. ಈ ಡೇವಿಡ್ಸನ್ ಬಾಂಬೆ ಸೈನ್ಯದಲ್ಲಿ ಅಧಿಕಾರಿಯಾಗಿದ್ದವನು. 1864ರ ಮೇ 9ರಂದು ಸ್ಪಾಟ್ಸಿಲ್ವೇನಿಯಾದಲ್ಲಿ ಉತ್ತರದ ಜನರಲ್ ಜಾನ್ ಸೆಡ್ಜ್‌ವಿಕ್ ದೂರದಿಂದ ಬಂದ ಒಂದೇ ಗುಂಡಿಗೆ ಸತ್ತ. ಅದು ವಿಟ್‌ವರ್ತ್ ರೈಫಲ್‌ನದ್ದು ಅಂತಲೇ ಬಹಳ ಮಂದಿ ನಂಬುತ್ತಾರೆ. ಥೌ ಲೆಕ್ಕದ ಸೈಟಿಗೆ ಮುಂದೆ ನಿಂತಿರೋದು ಬಿಲ್ಲೆಯೋ ಜಿಂಕೆಯೋ ಮನುಷ್ಯನೋ ಅನ್ನೋದು ಗೊತ್ತಾಗೋದಿಲ್ಲ.

ಆಮೇಲಿನದ್ದು ಬೇಗ ಹೇಳಿಬಿಡ್ತೀವಿ. ಫಿರಂಗಿಗಳ ವಿಷಯದಲ್ಲಿ ಆರ್ಮ್‌ಸ್ಟ್ರಾಂಗ್ ಜೊತೆ ವರ್ಷಗಟ್ಟಲೆ ಜಿದ್ದು ನಡೆಯಿತು. ಕರಗಿದ ಉಕ್ಕನ್ನ ಒತ್ತಡ ಹಾಕಿ ಗಟ್ಟಿ ಮಾಡುವ ವಿಧಾನ ಕಂಡುಹಿಡಿದ. 1869ರಲ್ಲಿ ಬ್ಯಾರನೆಟ್ ಪದವಿ ಬಂತು. ಮೊದಲ ಹೆಂಡತಿಯ ಜೊತೆ ಸಂಸಾರ ಮುರಿದಿತ್ತು, ಆಕೆ ತೀರಿಕೊಂಡ ಮೇಲೆ 1871ರಲ್ಲಿ ಮತ್ತೆ ಮದುವೆಯಾದ. ಮಕ್ಕಳಿರಲಿಲ್ಲ. 1887ರ ಜನವರಿ 22ರಂದು ಮಾಂಟೆ ಕಾರ್ಲೊದಲ್ಲಿ ತೀರಿಕೊಂಡ, ಡರ್ಬಿಶೈರ್‌ನ ಡಾರ್ಲಿ ಡೇಲ್‌ನಲ್ಲಿ ಮಣ್ಣು ಮಾಡಿದರು. ಹತ್ತು ವರ್ಷ ಕಳೆದ ಮೇಲೆ ಈತನ ಕಂಪನಿ ಅದೇ ಆರ್ಮ್‌ಸ್ಟ್ರಾಂಗ್ ಕಂಪನಿಯ ಜೊತೆ ವಿಲೀನವಾಯಿತು. ಇಬ್ಬರೂ ಜೀವಂತ ಇದ್ದಿದ್ದರೆ ಆಗ್ತಿರಲಿಲ್ಲ ಬಿಡಿ.

1868ರಲ್ಲಿ ಮಾಡಿದ ಒಂದು ಕೆಲಸ ಮಾತ್ರ ನಮಗೆ ಹತ್ತಿರದ್ದು. ವರ್ಷಕ್ಕೆ 3000 ಪೌಂಡ್ ಬರೋ ಹಾಗೆ ದತ್ತಿ ಇಟ್ಟು, 100 ಪೌಂಡಿನಂತೆ ಮೂವತ್ತು ವಿದ್ಯಾರ್ಥಿವೇತನ. ಗಣಿತ, ಯಂತ್ರಶಾಸ್ತ್ರದ ಪರೀಕ್ಷೆ ಪಾಸಾದರೆ ಸಾಲದು, ಅರ ಹಿಡಿದು, ಲೇತ್ ನಡೆಸಿ, ಕೈಕೆಲಸದಲ್ಲೂ ತೋರಿಸಬೇಕು. ಬರೀ ಕೈಕೆಲಸ ಬಂದರೂ ಸಾಲದು. ಹತ್ತು ವರ್ಷಕ್ಕೆ ಮನೆ ಕಳೆದುಕೊಂಡು, ಹದಿನಾಲ್ಕಕ್ಕೆ ಶಾಲೆ ಬಿಟ್ಟವನು ಇಟ್ಟ ಷರತ್ತು ಇದು. ವಿಟ್‌ವರ್ತ್ ಸ್ಕಾಲರ್‌ಗಳು ಇಂಗ್ಲೆಂಡಿನಲ್ಲಿ ಈಗಲೂ ಇದ್ದಾರೆ.

ಬಿಎಸ್‌ಡಬ್ಲ್ಯೂ ಬೋಲ್ಟುಗಳ ಜಾಗಕ್ಕೆ ಈಗ ಮೆಟ್ರಿಕ್ ಬಂದಿದೆ, 55ರ ಬದಲು 60 ಡಿಗ್ರಿ. ಹಾಗಂತ ಪೂರ್ತಿ ಹೋಗಿಲ್ಲ. ಕಳೆದ ವಾರ ಹಾಸ್ಟೆಲ್ ಎರಡನೇ ಮಹಡಿಯ ಬಾತ್‌ರೂಮಿನ ನಲ್ಲಿ ಕಿತ್ತು ಬಂದು ನೀರೋ ನೀರು. ಪ್ಲಂಬರ್ ಅಣ್ಣ ಬಂದು ಹಳೆ ನಲ್ಲಿ ಬಿಚ್ಚಿ, ಹೊಸದಕ್ಕೆ ಬಿಳಿ ಟೇಪ್ ಸುತ್ತಿ ತಿರುವಿದರು. ಅರ್ಧ ಇಂಚಿನ ಪೈಪ್ ಥ್ರೆಡ್, ಇಂಚಿಗೆ 14, ಕೋನ 55. ಪಿಚ್ ಗೇಜ್ ತಂದು ಹಳೆ ನಲ್ಲಿಗೆ ಹಿಡಿದು ನೋಡಿದೆವು, ಸರಿಯಾಗಿ ಕೂತಿತು. ನಮ್ಮ ಪೈಕಿ ಒಬ್ಬರು ಅದನ್ನ ಟ್ಯೂಬ್‌ಲೈಟ್‌ಗೂ ಹಿಡಿದರು.